ಸೊಳ್ಳೆ ಹಿಡಿಯುವ ಪುಟ್ಟಮಾದು

ಪುಣಜನೂರಿನ ಮೇಲೆ ಇನ್ನೂ ಕಾಡಿನ ಮಂಜು ಕೂತಿದೆ. ಸತ್ಯಮಂಗಲದ ಕಡೆಗೆ ಹೊರಟ ಗಾಡಿಗಳ ಎತ್ತಿನ ಗಂಟೆ ರಸ್ತೆಯಲ್ಲಿ ಕೇಳಿಸಿ ಹಾಗೇ ದೂರವಾಗುತ್ತದೆ. ದೊಡ್ಡಮಲ್ಲಪ್ಪನವರ ಕೊಟ್ಟಿಗೆಯೊಳಗೆ ದನಗಳು ಎದ್ದು ಮೈಕೊಡವುತ್ತಿವೆ. ಅವುಗಳ ನಡುವೆ ಒಬ್ಬರು ಗೋಡೆಗೆ ಮುಖ ಕೊಟ್ಟು, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಒಂದು ಕೈಯಲ್ಲಿ ಬ್ಯಾಟರಿ ದೀಪ, ಇನ್ನೊಂದರಲ್ಲಿ ಗಾಜಿನ ನಳಿಗೆ. ನಳಿಗೆಗೆ ಸಿಕ್ಕಿಸಿದ ರಬ್ಬರ್ ಕೊಳವೆಯ ತುದಿ ಅವರ ಹಲ್ಲುಗಳ ನಡುವೆ ಇದೆ.

ಗೋಡೆಯ ಮೇಲೆ ಒಂದು ಸೊಳ್ಳೆ ಕೂತಿದೆ. ತಲೆ ತಗ್ಗಿಸಿ, ಬಾಲ ಎತ್ತಿ, ನೆಟ್ಟ ಮುಳ್ಳಿನ ಹಾಗೆ. ರಾತ್ರಿಯೆಲ್ಲ ಕುಡಿದ ರಕ್ತಕ್ಕೆ ಅದರ ಹೊಟ್ಟೆ ದಪ್ಪವಾಗಿ, ಹಾರಲು ಮೈಭಾರ. ನಳಿಗೆಯ ಬಾಯಿ ಅದರ ಹತ್ತಿರ ಹೋಗುತ್ತದೆ. ಒಂದು ಸಣ್ಣ ಎಳೆತ, ಸೊಳ್ಳೆ ಒಳಗೆ. ನಳಿಗೆಗೂ ಕೊಳವೆಗೂ ನಡುವೆ ತೆಳು ಬಟ್ಟೆ ಕಟ್ಟಿರುವುದರಿಂದ ಬಾಯಿಗೆ ಬರುವುದಿಲ್ಲ. ಪುಟ್ಟಮಾದು ನಳಿಗೆಯ ಬಾಯಿಗೆ ಹತ್ತಿ ತುರುಕಿ, ಒದ್ದೆ ಬಟ್ಟೆ ಹಾಸಿದ ಪೆಟ್ಟಿಗೆಯೊಳಗೆ ಮಲಗಿಸಿ, ಗೋಡೆಗೆ ಒರಗುತ್ತಾರೆ.

“ಒಂದೊಂದ್ಸಲ ನಿಂತಲ್ಲೇ ನಿದ್ದೆ ಬಂದ್ಬುಡ್ತದೆ ಸೋಮಿ. ಅಸ ಬಂದು ಬೆನ್ ನೆಕ್ಕುದ್ರೆ ಎಚ್ಚರಾಯ್ತದೆ” ಎನ್ನುತ್ತಾರೆ.

ಮಲೇರಿಯಾ ಇಲಾಖೆಯಲ್ಲಿ ಅವರದು ಸೊಳ್ಳೆ ಸಂಗ್ರಹಿಸುವ ಕೆಲಸ. ಇಲಾಖೆಯ ತಂಡ ಹಳ್ಳಿಹಳ್ಳಿಗೆ ಹೋಗಿ ಮನೆಗಳ ಒಳಗೋಡೆಗೆ ಡಿ.ಡಿ.ಟಿ. ಹೊಡೆಯುತ್ತದೆ. ಔಷಧಿ ಕುಡಿದ ಗೋಡೆಯ ಮೇಲೆ ಕೂತ ಸೊಳ್ಳೆ ಸಾಯಬೇಕು. ಸತ್ತಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೇ ಪುಟ್ಟಮಾದು. ಬೆಳಕು ಹರಿಯುವ ಮುನ್ನ ಕೊಟ್ಟಿಗೆ, ಹುಲ್ಲುಮನೆ ನುಗ್ಗಿ ಬದುಕುಳಿದ ಸೊಳ್ಳೆ ಹಿಡಿದು, ಬಿಸಿಲೇರುವ ಮೊದಲು ಚಾಮರಾಜನಗರದ ಕಚೇರಿಗೆ ಮುಟ್ಟಿಸಬೇಕು. ಅಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಅದರ ಹೊಟ್ಟೆ ಸೀಳಿ ಜ್ವರದ ಕ್ರಿಮಿ ಇದೆಯೇ ಎಂದು ನೋಡುತ್ತಾರೆ. ತಡವಾದರೆ ಸೊಳ್ಳೆ ಒಣಗಿ ಪುಡಿಯಾಗುತ್ತದೆ, ಬೆಳಗಿನ ದುಡಿಮೆ ನೀರುಪಾಲು.

ಊರು ಹರವೆ. ಕೇರಿಯ ಕೊನೆಯ ಗುಡಿಸಲಲ್ಲಿ ಹುಟ್ಟಿದವರು. ಅಪ್ಪ ಕಂಡವರ ಹೊಲದಲ್ಲಿ ದುಡಿಯುತ್ತಿದ್ದರು. ವರ್ಷ ವರ್ಷ ಬರುವ ಚಳಿಜ್ವರದಿಂದ ಎಡಪಕ್ಕೆಯ ಕೆಳಗೆ ಗಡ್ಡೆ ಬೆಳೆದು, ಕೊನೆಗೆ ಹುಲ್ಲಿನ ಹೊರೆಯನ್ನೂ ಎತ್ತಲಾರದೆ ಹೋದರು. ಜನ ಅದನ್ನು ಜ್ವರಗಡ್ಡೆ ಎನ್ನುತ್ತಾರೆ. ಪುಟ್ಟಮಾದು ಮಿಡ್ಲ್ ಸ್ಕೂಲು ಮುಗಿಸಿ ಕೂಲಿಗೆ ಹೋಗುತ್ತಿದ್ದಾಗ ಇಲಾಖೆಯವರು ಓದುಬರಹ ಬಲ್ಲ, ಕತ್ತಲಿಗೆ ಹೆದರದ ಆಳು ಬೇಕು ಎಂದರಂತೆ. “ಕತ್ತಲ್ಗೆ ಎದರೋದ್ಯಾಕೆ, ಕತ್ತಲಲ್ಲೇ ಉಟ್ಟಿ ಬೆಳ್ದೋನು ಅಂದೆ. ತಕ್ಕಂಡ್ರು.”

ಕೆಲಸದ ಕಷ್ಟ ಕೇಳಿದರೆ ಅವರು ಮೊದಲು ಹೇಳುವುದು ಕತ್ತಲಲ್ಲಿ ದಾರಿಗೆ ಅಡ್ಡ ಬರುವ ಕಾಡಾನೆಯ ಮಾತಲ್ಲ, ಜ್ವರದ ಮಾತು. ಸೊಳ್ಳೆ ಹಿಡಿಯುವವರನ್ನು ಸೊಳ್ಳೆಯೂ ಹಿಡಿಯುತ್ತದೆ. ಕಹಿ ಮಾತ್ರೆ ನುಂಗಿ ನುಂಗಿ ಕಿವಿಯಲ್ಲಿ ಸದಾ ಜೀರುಂಡೆ ಕೂಗಿದ ಹಾಗಿರುತ್ತದೆ. ಅದಕ್ಕೂ ಮೇಲಿನ ಕಷ್ಟವೆಂದರೆ ಬಾಗಿಲು. ಔಷಧಿ ಹೊಡೆಯುವ ತಂಡದಲ್ಲಿ ಬೇರೆ ಬೇರೆ ಜಾತಿಯವರಿದ್ದಾರೆ. ಅವರು ಮನೆಯೊಳಗೆ ಹೋಗುತ್ತಾರೆ. ಪುಟ್ಟಮಾದು ಕೊಟ್ಟಿಗೆಯವರೆಗೆ. “ಸೊಳ್ಳೇಗೆ ಆ ತಕರಾರಿಲ್ಲ. ಅದು ದೇವರ್ ಮನೇಗೂ ಓಯ್ತದೆ, ನಮ್ಮಟ್ಟೀಗೂ ಬತ್ತದೆ” ಎಂದು ಹೇಳಿ ಅವರು ನಗುವುದಿಲ್ಲ. ತುಂಬ ಸಲ ಹೇಳಿದ ಮಾತಿರಬೇಕು.

ಈ ಕೆಲಸದಿಂದ ಮೇಲೆ ಹೋಗಲು ಒಂದೇ ದಾರಿ, ಇನ್ಸ್‌ಪೆಕ್ಟರ್ ಪರೀಕ್ಷೆ. ದಿನಬಳಕೆಯ ವಿಜ್ಞಾನ, ಶರೀರ, ಆರೋಗ್ಯ ಎಲ್ಲ ಸೇರಿದ ಒಂದು ಪತ್ರಿಕೆ. ಮಡಕೆಯ ನೀರು ಏಕೆ ತಣ್ಣಗಿರುತ್ತದೆ, ಕಬ್ಬಿಣಕ್ಕೆ ಏಕೆ ತುಕ್ಕು ಹಿಡಿಯುತ್ತದೆ, ಇರುಳುಗುರುಡು ಯಾವ ಜೀವಸತ್ವದ ಕೊರತೆ, ಹೃದಯಕ್ಕೆ ಎಷ್ಟು ಕೋಣೆ. ಪುಟ್ಟಮಾದು ಎರಡು ಸಲ ಕೂತು ಎರಡು ಸಲವೂ ಫೇಲಾಗಿದ್ದರು. ಮೊದಲ ಸಲ ಚಳಿಜ್ವರ ಬಂದು ಕೈ ನಡುಗುತ್ತಿತ್ತು. ಎರಡನೆಯ ಸಲ ಪುಸ್ತಕದ ಮಾತೇ ನೆನಪಾಗಲಿಲ್ಲ. ಪ್ರಶ್ನೆಯಲ್ಲಿದ್ದ ಗುಲ್ಮ ಎಂದರೆ ಅಪ್ಪನ ಜ್ವರಗಡ್ಡೆಯೇ ಎಂದು ಹೊಳೆಯುವಷ್ಟರಲ್ಲಿ ಗಂಟೆ ಬಾರಿಸಿಬಿಟ್ಟರು.

ಮೂರನೆಯ ಸಲ ಕೊನೆಯದು, ವಯಸ್ಸು ಮೀರುತ್ತಿತ್ತು. ಓದಿಸುವ ಹೊಣೆಯನ್ನು ಹೆಂಡತಿ ಮರಿತಾಯಮ್ಮ ವಹಿಸಿಕೊಂಡರು. ಅವರಿಗೆ ಅಕ್ಷರ ಬಾರದು. ಗಂಡ ಗಟ್ಟಿಯಾಗಿ ಓದುತ್ತಿದ್ದುದನ್ನು ಕೇಳಿ ಕೇಳಿ ಪ್ರಶ್ನೆಗಳು ಬಾಯಿಗೆ ಬಂದಿದ್ದವು. ರಾಗಿ ಬೀಸುತ್ತ ತಮ್ಮ ಮೈಯನ್ನೇ ತೋರಿಸಿ ಕೇಳುತ್ತಿದ್ದರು.

“ಇದ್ಯಾನ?” ಬಲಪಕ್ಕೆಯ ಕೆಳಗೆ ಬೆರಳಿಟ್ಟು.

“ಯಕೃತ್ತು. ಮೈಯೊಳಗೆ ಎಲ್ಲಕ್ಕಿಂತ ದೊಡ್ಡ ಗ್ರಂಥಿ.”

“ಇದು?” ಎಡಕ್ಕೆ.

“ಗುಲ್ಮ.”

“ನಿಮ್ಮಪ್ಪಂದು ಊದ್ಕಂಡಿದ್ದುದು?”

“ಅದೇ ಕಣಮ್ಮಿ. ಆದ್ರೆ ಅಂಗೆ ಬರ್ಯಂಗಿಲ್ಲ.”

“ಯಾಕ್ ಬರ್ಯಂಗಿಲ್ಲ? ಅದ್ನ ಒತ್ಕಂಡ್ ಸತ್ತೋರು ಅವ್ರು ತಾನೆ?” ಎಂದು ಮರಿತಾಯಮ್ಮ ಬೀಸುಕಲ್ಲಿಗೆ ಇನ್ನೊಂದು ಹಿಡಿ ರಾಗಿ ಹಾಕುತ್ತಿದ್ದರು.

ಪರೀಕ್ಷೆಗೆ ಇನ್ನೂ ಕೆಲವು ವಾರಗಳಿದ್ದಾಗ ಪುಣಜನೂರಿನಲ್ಲಿ ಬೇರೆಯೇ ಒಂದು ವಿಷಯ ಕಣ್ಣಿಗೆ ಬಿತ್ತು. ದೊಡ್ಡಮಲ್ಲಪ್ಪ ಆ ಊರಿನ ದೊಡ್ಡ ಒಕ್ಕಲು, ಬೆಳಿಗ್ಗೆ ವಿಭೂತಿ ಧರಿಸದೆ ಹನಿ ನೀರು ಕುಡಿಯದವರು. ಅವರ ಮಗನಿಗೆ ಮದುವೆಯಾಗಿ ಸೊಸೆ ಚಿಕ್ಕಮಲ್ಲಮ್ಮ ಮನೆಗೆ ಬಂದಿದ್ದಳು. ಮದುವೆಗೆಂದು ಮನೆಯ ಗೋಡೆಗಳಿಗೆಲ್ಲ ಸುಣ್ಣ ಬಳಿಸಿದ್ದರು, ಕೊಟ್ಟಿಗೆಗೆ ಸಗಣಿ ಮಣ್ಣು ಸಾರಿಸಿದ್ದರು. ಕೆಲವೇ ದಿನದ ಹಿಂದೆ ಹೊಡೆದಿದ್ದ ಔಷಧಿ ಅದರಡಿಯಲ್ಲಿ ಹೂತುಹೋಗಿತ್ತು. ಒಂದೂ ಸೊಳ್ಳೆ ಇರಬಾರದಿದ್ದ ಕೊಟ್ಟಿಗೆಯಲ್ಲಿ ಆ ಬೆಳಗ್ಗೆ ಪುಟ್ಟಮಾದುವಿನ ನಳಿಗೆಗಳು ಸಾಲಲಿಲ್ಲ.

“ಔಸ್ದಿ ಮುಚ್ಚೋಗದೆ ಬುದ್ದಿ. ಇನ್ನೊಂದ್ಸಲ ಒಡೀಬೇಕು” ಎಂದರು.

ದೊಡ್ಡಮಲ್ಲಪ್ಪನವರಿಗೆ ಇಷ್ಟವಿರಲಿಲ್ಲ. ಹಿಂದಿನ ಸಲ ತಂಡದವರು ಒಂದು ಗುಡಾಣ ಒಡೆದಿದ್ದರು. ಆಮೇಲೆ ಬೆಕ್ಕೂ ಸತ್ತಿತ್ತು. ಕೊನೆಗೆ, “ನೀನು ಜೊತೇಲಿ ಬತ್ತೀಯೇನ್ಲಾ? ನೀ ಬಾಗ್ಲಲ್ಲಿ ನಿಂತ್ಕಂಡು ನೋಡ್ಕಂಡ್ರೆ ಒಡೀಲಿ. ಅವ್ರನ್ನೇ ಬುಟ್ರೆ ಮನೆ ಗುಡಿಸ್ಬುಡ್ತಾರೆ” ಎಂದರು.

“ಬತ್ತೀನಿ ಬುದ್ದಿ” ಎಂದು ಪುಟ್ಟಮಾದು ಒಪ್ಪಿಕೊಂಡರು.

ತಂಡಕ್ಕೆ ಪುಣಜನೂರಿಗೆ ಹೋಗಲು ಬಿಡುವಾದದ್ದು ಒಂದು ಭಾನುವಾರ. ಪರೀಕ್ಷೆಗೆ ಗೊತ್ತಾದದ್ದೂ ಅದೇ ಭಾನುವಾರ. ತಂಡದ ಮೇಲಿನ ಇನ್ಸ್‌ಪೆಕ್ಟರ್ ನೀಲಕಂಠಸ್ವಾಮಿ ಒಳ್ಳೆಯ ಮನುಷ್ಯ. “ನೀನು ಹೋಗಿ ಬರಿ ಮಾದು. ಮತ್ತೆ ಸಿಗೋದಲ್ಲ. ಅಲ್ಲಿ ನಾನು ಮಾತಾಡ್ಕೋತೀನಿ” ಎಂದರು. ಪುಟ್ಟಮಾದು ಒಂದು ರಾತ್ರಿ ಹೊರಳಾಡಿದರು. ಮರಿತಾಯಮ್ಮ ಒಂದೇ ಮಾತು ಹೇಳಿದ್ದು: “ಅವ್ರು ಇನ್ನೊಂದಿನ ಔಸ್ದಿ ಒಡೆಸ್ಕಬೈದು. ನಿನ್ಗೆ ಇನ್ನೊಂದಿನ ಇಲ್ಲ.”

ಅವರು ಪರೀಕ್ಷೆಗೆ ಹೋದರು.

ಚಾಮರಾಜನಗರದ ಶಾಲೆಯೊಂದರ ಬೆಂಚು. ಗುಲ್ಮದ ಕೆಲಸವೇನು ಎಂಬ ಪ್ರಶ್ನೆ ಬಂದಿತ್ತು, ಬರೆದರು. ಮಡಕೆಯ ನೀರು ಬಂದಿತ್ತು, ಬರೆದರು. ಕೊನೆಯ ಕಡೆ ಇನ್ನೊಂದಿತ್ತು: ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿದ ಬಳಿಕ ಮನೆಯವರು ವಹಿಸಬೇಕಾದ ಎಚ್ಚರಿಕೆ ಯಾವುದು? “ಸುಣ್ಣ ಸಾರಣೆ ಮಾಡಬಾರದು” ಎಂದು ಬರೆದ ಕೈ ಅಲ್ಲಿಗೇ ನಿಂತಿತು. ಕಿಟಕಿಯಾಚೆ ಬಿಸಿಲು ಏರಿತ್ತು. ಇಷ್ಟು ಹೊತ್ತಿಗೆ ತಂಡ ಪುಣಜನೂರು ಮುಟ್ಟಿರುತ್ತದೆ ಎಂದುಕೊಂಡರು. “ಅದೊಂದು ಪ್ರಶ್ನೆ ಬಾರ್ದೆ ಇದ್ದಿದ್ರೆ ಚೆನ್ನಾಗಿತ್ತು ಅನ್ನಿಸ್ತು. ಬಂದಿರೋದ್ನ ಬುಡಂಗೂ ಇಲ್ವಲ್ಲ. ಬರ್ದೆ.”

ತಂಡ ಮುಟ್ಟಿತ್ತು. ದೊಡ್ಡಮಲ್ಲಪ್ಪ ಜಗಲಿಯ ಮೇಲೆ ಕೂತು ಕೇಳಿದ್ದು ಇಷ್ಟೇ: “ಮಾದ ಎಲ್ಲಿ?” ಬರಲಿಲ್ಲವೆಂದು ತಿಳಿದು, “ಅಂವ ಬಂದ್ಮ್ಯಾಲೆ ಬನ್ನಿ” ಎಂದರು. ನೀಲಕಂಠಸ್ವಾಮಿ ಎಷ್ಟು ಹೇಳಿದರೂ ಕೇಳಲಿಲ್ಲ. ಮಾರನೆಯ ದಿನವೇ ಇಲಾಖೆಯವರು ತಂಡವನ್ನು ಗುಂಡ್ಲುಪೇಟೆ ಕಡೆಗೆ ಕಳಿಸಿದರು. ಅಲ್ಲಿ ಊರೂರಿಗೇ ಜ್ವರ. ಅವರು ತಿರುಗಿ ಬರುವ ಹೊತ್ತಿಗೆ ಎರಡು ತಿಂಗಳಾಗಿತ್ತು.

ಆ ಎರಡು ತಿಂಗಳಲ್ಲಿ ಚಿಕ್ಕಮಲ್ಲಮ್ಮನಿಗೆ ಚಳಿಜ್ವರ ಬಂತು. ಬಸುರಿ ಹೆಂಗಸು. ದಿನ ಬಿಟ್ಟು ದಿನ ಹಲ್ಲು ಕಟಕಟಿಸುವ ನಡುಕ, ಆಮೇಲೆ ಕೆಂಡದಂಥ ಮೈ. ಗಾಡಿ ಕಟ್ಟಿ ಆಸ್ಪತ್ರೆಗೆ ಕರೆದೊಯ್ದರು. ಜೀವ ಉಳಿಯಿತು, ಬಸಿರು ನಿಲ್ಲಲಿಲ್ಲ.

ಆಗ ಪುಟ್ಟಮಾದುವಿಗೂ ಗುಂಡ್ಲುಪೇಟೆ ಕಡೆಯೇ ಕೆಲಸ; ವಿಷಯ ಗೊತ್ತಾದದ್ದು ತಿರುಗಿ ಬಂದ ಮೇಲೆ, ಕಚೇರಿಯಲ್ಲಿ. ತಂಡ ಪುಣಜನೂರಿಗೆ ಹೊರಟ ದಿನ ಯಾರೂ ಕರೆಯದಿದ್ದರೂ ಹೊರಟರು. ಮನೆಯ ಮುಂದೆ ನಿಂತಾಗ ದೊಡ್ಡಮಲ್ಲಪ್ಪ ಜಗಲಿಯಿಂದ ಏಳಲಿಲ್ಲ.

“ಬತ್ತೀನಿ ಅಂದಿದ್ದೆ ನೀನು.”

“ಅಂದಿದ್ದೆ ಬುದ್ದಿ. ಅವತ್ತು ಪರೀಕ್ಷೆ ಇತ್ತು.”

“ಪಾಸಾಯ್ತಾ?”

“ಇನ್ನೂ ಗೊತ್ತಿಲ್ಲ.”

ಮುದುಕರು, “ಸುಣ್ಣ ಬಳ್ಸಿದ್ದು ನಾನು ಕಣ್ಲಾ. ಬಂದೋರ್ನ ವಾಪಸ್ ಕಳ್ಸಿದ್ದೂ ನಾನೇ” ಎಂದರು. ಎದ್ದು ಬಾಗಿಲ ಪಕ್ಕಕ್ಕೆ ಸರಿದರು. “ಒಳೀಕ್ ಬಾ. ಯಾವ್ ಮೂಲೇಲಿ ಕೂತಿರ್ತವೆ ಅಂತ ನಿನ್ಗೇ ಗೊತ್ತಲ್ಲ, ತೋರ್ಸು.”

ಪುಟ್ಟಮಾದು ಆ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಕಣಜದ ಹಿಂದೆ, ಅಟ್ಟದ ಅಡಿ, ನೇತು ಹಾಕಿದ ಬಟ್ಟೆಗಳ ಮರೆ, ಎಲ್ಲ ತೋರಿಸಿದರು. ತಂಡದವರು ಔಷಧಿ ಹೊಡೆದರು. ಒಳಕೋಣೆಯಲ್ಲಿ ಚಿಕ್ಕಮಲ್ಲಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳನ್ನು ಎಬ್ಬಿಸಿ ಆಚೆ ಕೂರಿಸಿದಾಗ ಒಮ್ಮೆ ತಲೆ ಎತ್ತಿ ಪುಟ್ಟಮಾದುವನ್ನು ನೋಡಿದಳು. “ಬೈದಿದ್ರೆ ಹಗುರಾಯ್ತಿತ್ತು” ಎನ್ನುತ್ತಾರೆ ಪುಟ್ಟಮಾದು. ಮರಿತಾಯಮ್ಮನ ಲೆಕ್ಕ ಬೇರೆ: ಗಂಡ ಪರೀಕ್ಷೆಗೆ ಹೋದದ್ದು ತಪ್ಪಲ್ಲ, ಒಬ್ಬನ ಮೇಲೆ ಇಷ್ಟೆಲ್ಲ ಹೊರಿಸಿದ್ದು ತಪ್ಪು. ಇಬ್ಬರಲ್ಲಿ ಈ ಮಾತು ಇನ್ನೂ ತೀರ್ಮಾನವಾಗಿಲ್ಲ.

ಪುಟ್ಟಮಾದು ಅಲ್ಲಿಂದ ಬಂದ ಮೇಲೆ ಆ ಮನೆಯವರು ಹೊಸಿಲು, ನೆಲ ಎಲ್ಲ ತೊಳೆದರು ಎಂದು ಯಾರೋ ಬಂದು ಹೇಳಿದರಂತೆ. “ನೆಲ ತೊಳುದ್ರು. ಗೋಡೆ ಮುಟ್ನಿಲ್ಲ. ಅಷ್ಟಾದ್ರೂ ಮಾತು ಕೇಳುದ್ರಲ್ಲ, ಸಾಕು” ಎಂದು ಪುಟ್ಟಮಾದು ಪೆಟ್ಟಿಗೆಯ ಒದ್ದೆ ಬಟ್ಟೆಯನ್ನು ಸರಿಪಡಿಸುತ್ತಾರೆ. ಈ ಬೆಳಗ್ಗೆ ಅದೇ ಮನೆಯ ಕೊಟ್ಟಿಗೆಯಲ್ಲಿ ಹುಡುಕಿದ್ದಕ್ಕೆ ಸಿಕ್ಕಿದ್ದು ತೀರ ಕೆಲವು. ದೊಡ್ಡಮಲ್ಲಪ್ಪ ಜಗಲಿಯಿಂದ “ಎಷ್ಟ್ಲಾ?” ಎಂದು ಕೇಳುತ್ತಾರೆ. “ಕಮ್ಮಿ ಬುದ್ದಿ” ಎಂಬ ಉತ್ತರಕ್ಕೆ ತಲೆಯಾಡಿಸಿ ಪೂಜೆಗೆ ಏಳುತ್ತಾರೆ.

ಪರೀಕ್ಷೆಯ ಫಲಿತಾಂಶ ಬಂದಿದೆ. ಪುಟ್ಟಮಾದು ಪಾಸಾಗಿದ್ದಾರೆ. ಸುದ್ದಿ ಬಂದ ದಿನ ಹರವೆಯ ಕೇರಿಯವರು ಬೆಲ್ಲ ಹಂಚಿದರು. ಅವರು ಮಾತ್ರ ಊಟ ಮಾಡಿ ಸಂಜೆಗೇ ಮಲಗಿಬಿಟ್ಟರು. ಮಾರನೆಯ ದಿನದ ಕೊಟ್ಟಿಗೆ ಕಾಯುತ್ತಿತ್ತು. ನೇಮಕದ ಆದೇಶ ಇನ್ನೂ ಕೈಸೇರಿಲ್ಲ. ಅದು ಬಂದರೆ ಬೇಗೂರು ಹೋಬಳಿಗೆ ಹಾಕುತ್ತಾರೆಂದು ನೀಲಕಂಠಸ್ವಾಮಿ ಹೇಳಿದ್ದಾರೆ. ಬೇಗೂರು ದೊಡ್ಡ ಊರು; ಅಂಗಡಿಸಾಲು, ಹೆದ್ದಾರಿಯ ಬಸ್ಸು. ಮರಿತಾಯಮ್ಮ ಬೀಸುಕಲ್ಲನ್ನು ಬಿಟ್ಟು ಹೋಗುವುದೋ ಹೊತ್ತುಕೊಂಡು ಹೋಗುವುದೋ ಎಂದು ಈಗಲೇ ವಾದಕ್ಕೆ ಕೂತಿದ್ದಾರೆ.

ಬಸ್ಸು ಬರುವ ಹೊತ್ತಾಯಿತು. ಪುಟ್ಟಮಾದು ಪೆಟ್ಟಿಗೆ ಹೆಗಲಿಗೇರಿಸಿ ರಸ್ತೆಯ ಬದಿಯ ಹುಣಸೆಮರದಡಿ ನಿಲ್ಲುತ್ತಾರೆ. ಇನ್ಸ್‌ಪೆಕ್ಟರ್ ಆದ ಮೇಲೆ ಏನು ಆಸೆ ಎಂದು ಕೇಳಿದರೆ ಕಣ್ಣುಜ್ಜಿಕೊಂಡು, ಬಸ್ಸು ಬರುವ ದಿಕ್ಕನ್ನು ನೋಡುತ್ತಾರೆ.

“ಯಾರ್ ಮನೆ ಒಳೀಕೆ ಬೇಕಾದ್ರೂ ಓಗಿ ಗೋಡೆ ನೋಡ್ಬೈದಂತೆ ಇನ್ಮ್ಯಾಲೆ. ಬ್ಯಾಡ ಅನ್ನಂಗಿಲ್ವಂತೆ, ಸರ್ಕಾರದ್ ರೂಲು” ಎನ್ನುತ್ತಾರೆ. “ಬೇಗೂರಲ್ಲಿ ನಮ್ಗೆ ಇರಾಕೊಂದು ಮನೆ ಬಾಡ್ಗೆಗ್ ಕೊಡೋರು ಯಾರಾದ್ರೂ ಸಿಕ್ರೆ ಸಾಕು ಸೋಮಿ.”