ಮೂಸಿ ನೋಡಿ ತಂದ ಕ್ಯಾನು

ನನ್ನ ಮಗಳಿಗೆ ಮದುವೆಯಾದ ಹನ್ನೊಂದು ವರ್ಷಕ್ಕೆ ಹೆಣ್ಣು ಮಗು ಹುಟ್ಟಿದೆ. ಇವತ್ತಿಗೆ ಹದಿಮೂರು ದಿನ. ನನ್ನ ಸಂತೋಷ ನನ್ನ ಬಾಯಲ್ಲಿ ನಿಲ್ಲುತ್ತಿಲ್ಲ. ಸೊಪ್ಪು ಮಾರುವವಳಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ. ಹಾಲಿನವನು ನೆನ್ನೆ, "ಗೊತ್ತಜ್ಜಿ, ಮೊನ್ನೇನೂ ಹೇಳಿದ್ರಿ. ಹೆಣ್ಣು ಮಗು, ಮೂಗು ನಿಮ್ದೇ" ಎಂದು ನಕ್ಕ.

ಹೌದು, ಮೂಗು ನನ್ನದೇ. ಆ ಮೂಗಿನ ವಿಷಯ ಬರೆಯಲೆಂದೇ ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಬರವಣಿಗೆ, ಹೆಂಗೆ ಬರುತ್ತೋ ಹಂಗೆ.

ಮಗುವಿಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿದ ಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ಅದರ ನೆತ್ತಿ ಮೂಸುತ್ತಾರೆ. ಇವತ್ತು ಬೆಳಿಗ್ಗೆ ಮಗಳು, "ಅಮ್ಮಾ, ನೀನೂ ಮೂಸು. ಏನ್ ವಾಸ್ನೆ ಹೇಳು" ಎಂದಳು. ನಾನು ಬಗ್ಗಿದೆ. ಬಗ್ಗಿದವಳಿಗೆ ಪೀಣ್ಯದ ಆ ಶೆಡ್ಡು ಕಣ್ಣ ಮುಂದೆ ಬಂದು ನಿಂತಿತು.

ಈ ಮಗಳು ಆಗ ನನ್ನ ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸು. ಲಗ್ಗೆರೆಯಿಂದ ಪೀಣ್ಯಕ್ಕೆ ನಡೆದೇ ಹೋಗುತ್ತಿದ್ದೆ. ದಾರಿಯ ಒಂದು ಪಕ್ಕ ಇನ್ನೂ ರಾಗಿ ಹೊಲ, ಇನ್ನೊಂದು ಪಕ್ಕ ಕಾರ್ಖಾನೆಗಳ ಶೀಟಿನ ಸೂರು. ನಾನಿದ್ದದ್ದು ಸಣ್ಣ ಮಷೀನ್ ಶಾಪು. ಲೇತಿನಿಂದ ಇಳಿದ ಕಬ್ಬಿಣದ ಪೀಸುಗಳನ್ನು ಸೀಮೆಎಣ್ಣೆ ತೊಟ್ಟಿಯಲ್ಲಿ ತೊಳೆದು, ಹಳೇ ಬಟ್ಟೆಯಲ್ಲಿ ಒರೆಸಿ, ಟ್ರೇಗೆ ಜೋಡಿಸುವುದು ನನ್ನ ಕೆಲಸ. ಆರು ವರ್ಷ ಆ ತೊಟ್ಟಿಯ ಮೇಲೆ ಬಗ್ಗಿ ಕೂತಿದ್ದೆ. ಮೂಗು ಯಾವತ್ತು ಸತ್ತಿತೋ ತಿಳಿಯದು. ಒಂದು ದಿನ ಮನೆಯಲ್ಲಿ ಸಾರು ತಳ ಹಿಡಿದಾಗ, ಹೊಗೆ ಕಣ್ಣಿಗೆ ಉರಿ ತಂದ ಮೇಲೆ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಗಂಡನಿಗೂ.

ಜೊತೆಯ ಹೆಂಗಸರು, "ನಿನ್ ಪುಣ್ಯ ಕಣೆ! ಒಂದು ದಿನಾನೂ ವಾಂತಿ ಮಾಡ್ಲಿಲ್ಲ. ನಮ್ಗೆ ಪಕ್ಕದ ಮನೇಲಿ ಒಗ್ಗರಣೆ ಹಾಕಿದ್ರೂ ಓಡ್ಬೇಕಿತ್ತು" ಎನ್ನುತ್ತಿದ್ದರು. ನಾನೂ ಪುಣ್ಯ ಅಂತಲೇ ನಗುತ್ತಿದ್ದೆ.

ಶಾಪಿನ ಹಿಂದಿನ ಶೆಡ್ಡಿನಲ್ಲಿ ಒಂದೇ ಥರದ ಕ್ಯಾನುಗಳಿದ್ದವು. ಕರೆಂಟು ಹೋದಾಗ ಜನರೇಟರಿಗೆ ಬೇಕಾದ ಡೀಸೆಲ್, ಓನರ್ ಕಾರಿನ ಪೆಟ್ರೋಲ್, ನನ್ನ ತೊಟ್ಟಿಯ ಸೀಮೆಎಣ್ಣೆ, ಎಲ್ಲ ಅಲ್ಲೇ. ಕ್ಯಾನಿನ ಮೇಲೆ ಬರೆದಿದ್ದ ಪೈಂಟು ಎಣ್ಣೆ ಕೈ ತಾಗಿ ತಾಗಿ ಅಳಿಸಿಹೋಗಿತ್ತು. ಮತ್ತೆ ಬರೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ. ಮುಚ್ಚಳ ತೆಗೆ, ಮೂಸು, ಎತ್ತಿಕೊಂಡು ಹೋಗು. ಅಲ್ಲಿನ ಪದ್ಧತಿ ಅಷ್ಟೇ. ನನ್ನ ಸೀಮೆಎಣ್ಣೆ ಕಿಟಕಿಯ ಕೆಳಗಿನ ಸಾಲಿನಲ್ಲಿ ಇರುತ್ತಿದ್ದರಿಂದ ಜಾಗದ ಗುರುತಿನ ಮೇಲೆ ಹೇಗೋ ನಡೆಸಿಕೊಂಡು ಬಂದಿದ್ದೆ.

ಆ ದಿನ ಬೆಳಿಗ್ಗೆ ಓನರ್ ಸ್ಯಾಂಪಲ್ ತೋರಿಸಲು ಒಂದು ದೊಡ್ಡ ಕಾರ್ಖಾನೆಗೆ ಹೋಗಬೇಕಿತ್ತು. ಅವರ ಕಾರು ಓಡಿಸುತ್ತಿದ್ದವರನ್ನು ನಾವೆಲ್ಲ ಡ್ರೈವರಣ್ಣ ಎಂದೇ ಕರೆಯುತ್ತಿದ್ದದ್ದು. ಅವರು ಬಾನೆಟ್ ಎತ್ತಿ, ಮೊಣಕೈವರೆಗೂ ಒಳಗೆ ಕೈ ಹಾಕಿಕೊಂಡಿದ್ದರು.

"ತಂಗೀ, ಶೆಡ್ಡಿಂದ ಪೆಟ್ರೋಲ್ ತಂದು ಸುರ್ದ್ಬಿಡಮ್ಮ. ಸಾಹೇಬ್ರು ಒಳಗೆ ಕುಣೀತಾವ್ರೆ."

ಹೋದೆ. ಯಾವುದು ಪೆಟ್ರೋಲ್ ಅಂತ ಹೇಗೆ ತಿಳಿಯಬೇಕು? ಬೆರಳಿಗೆ ಹಚ್ಚಿದರೆ ಪೆಟ್ರೋಲ್ ತಣ್ಣಗೆ ಆರಿಹೋಗುತ್ತದೆ, ಡೀಸೆಲ್ ಜಿಡ್ಡಾಗಿ ನಿಲ್ಲುತ್ತದೆ. ನನ್ನ ಬೆರಳುಗಳೋ ಯಾವಾಗಲೂ ಜಿಡ್ಡೇ, ಬಿರುಕು ಬಿಟ್ಟು ಮರಗಟ್ಟಿದ್ದವು. ಬಾಗಿಲ ಹತ್ತಿರದ ಕ್ಯಾನನ್ನು ಎತ್ತಿಕೊಂಡು ಬಂದುಬಿಟ್ಟೆ.

"ಮೂಸ್ದೇನಮ್ಮಾ?" ಎಂದರು, ತಲೆ ಹೊರಗೆ ತೆಗೆದು.

ಅವರ ಮುಂದೆಯೇ ಮುಚ್ಚಳ ತೆಗೆದೆ. ಮೂಗು ಇಟ್ಟೆ. ಉದ್ದಕ್ಕೆ ಉಸಿರೆಳೆದೆ. "ಹೂಂ ಅಣ್ಣ, ಪೆಟ್ರೋಲೇ." ಅಷ್ಟರಲ್ಲಿ ಓನರ್ ಕೂಗಿದರು, ಡ್ರೈವರಣ್ಣ ಸ್ಯಾಂಪಲ್ ಡಬ್ಬ ತರಲು ಒಳಗೆ ಓಡಿದರು. ಆಲಿಕೆ ಇಟ್ಟು ಸುರಿದವಳು ನಾನು.

ಕಾರು ಗೇಟು ದಾಟಿತು. ತುಮಕೂರು ರಸ್ತೆ ಸೇರುವಷ್ಟರಲ್ಲಿ ಕೆಮ್ಮಿ, ಕುಲುಕಿ, ಹಿಂದಿನಿಂದ ದಟ್ಟ ಹೊಗೆ ಬಿಟ್ಟು ನಿಂತಿತಂತೆ. ಓನರ್ ಡಬ್ಬ ತಬ್ಬಿಕೊಂಡು ಆಟೋ ಹಿಡಿದು ಹೋಗಿ ಸೇರಿದಾಗ, ನೋಡಬೇಕಾದವರು ಎದ್ದುಹೋಗಿದ್ದರಂತೆ. ಮಧ್ಯಾಹ್ನ ನಾಲ್ಕು ಜನ ಕಾರನ್ನು ತಳ್ಳಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದರು.

ಡ್ರೈವರಣ್ಣ ಕಾರಿನ ಕೆಳಗೆ ಮಲಗಿ ಟ್ಯಾಂಕಿನ ತಳದ ನಟ್ಟು ಬಿಚ್ಚಿದರು. ಬೋಗುಣಿಗೆ ಇಳಿಯುತ್ತಿದ್ದದ್ದನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಅಲ್ಲಿಂದಲೇ ತಲೆ ಹೊರಳಿಸಿ ನನ್ನನ್ನು ನೋಡಿದರು.

"ಯಾರೋ ಡೀಸೆಲ್ ಹಾಕಿದ್ದು?" ಓನರ್ ಗುಡುಗಿದರು.

ನಾನು ಹತ್ತು ಹೆಜ್ಜೆ ದೂರದಲ್ಲಿ ಟ್ರೇ ಹಿಡಿದು ನಿಂತಿದ್ದೆ. ನಾನು ಅನ್ನಬೇಕು. ಅಂದರೆ ಮೂಗಿನ ವಿಷಯ ಹೊರಗೆ ಬೀಳುತ್ತದೆ. ಮೊದಲೇ ಬಸುರಿ, ಈಗ ಮೂಗೂ ಇಲ್ಲ, ನಾಳೆಯಿಂದ ಬರಬೇಡ ಅನ್ನುತ್ತಾರೆ. ಟ್ರೇಯಲ್ಲಿದ್ದ ಪೀಸುಗಳನ್ನು ಮತ್ತೆ ಜೋಡಿಸತೊಡಗಿದೆ.

"ನಾನೇ ಸಾರ್" ಎಂದರು ಡ್ರೈವರಣ್ಣ.

"ಇಷ್ಟು ವರ್ಷ ಗಾಡಿ ಓಡ್ಸಿ ಪೆಟ್ರೋಲ್ ಯಾವ್ದು ಡೀಸೆಲ್ ಯಾವ್ದು ಗೊತ್ತಾಗಲ್ವಾ? ಕುಡ್ದಿದ್ದೀಯಾ?"

"ಗಮನ ತಪ್ತು ಸಾರ್."

"ಗಾಡಿ ರೆಡಿ ಮಾಡಿಟ್ಟು ಹೊರಟ್ಹೋಗು. ನಾಳೆ ಬರ್ಬೇಡ."

ಅವರು ಟ್ಯಾಂಕನ್ನು ಒಂದಿಷ್ಟು ಪೆಟ್ರೋಲಿನಲ್ಲಿ ಕಲಕಿ ತೊಳೆದರು. ಕಾರ್ಬುರೇಟರ್ ಬಿಚ್ಚಿ ಪೇಪರಿನ ಮೇಲೆ ಹರಡಿ, ಒಂದೊಂದು ಸಣ್ಣ ತೂತನ್ನೂ ಬಾಯಲ್ಲಿ ಊದಿದರು. ಪ್ಲಗ್ಗುಗಳನ್ನು ಒರೆಸಿ ಒಣಗಿಸಿದರು. ಸಂಜೆಗೆ ಇಂಜಿನ್ನು ಮೊದಲಿನಂತೆ ಶಬ್ದ ಮಾಡಿತು. ಕೀಲಿಯನ್ನು ಆಫೀಸಿನ ಮೊಳೆಗೆ ಸಿಕ್ಕಿಸಿ, ಊಟದ ಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಟರು. ಕಾರು ಸರಿಯಾಯಿತು.

ಟ್ಯಾಂಕಿನಿಂದ ಇಳಿಸಿದ್ದನ್ನು ದಂಡ ಮಾಡಬೇಡಿ ಅಂತ ಓನರ್ ನನ್ನ ತೊಟ್ಟಿಗೇ ಸುರಿಸಿದ್ದರು. ಮಾರನೆಯ ದಿನ ಅದರಲ್ಲೇ ಕೈ ಅದ್ದಿ ಕೂತೆ. ಪಕ್ಕದವಳು "ಥೂ, ತಲೆ ಸುತ್ತತ್ತೆ ಕಣೆ" ಎಂದು ಸೆರಗು ಮೂಗಿಗೆ ಒತ್ತಿಕೊಂಡು ಎದ್ದುಹೋದಳು. ನನಗೆ ಏನೂ ಇಲ್ಲ. ಸುಮ್ಮನೆ ನೀರಿನಲ್ಲಿ ಕೈ ಇಟ್ಟ ಹಾಗೆ. ಅದೇ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಎದ್ದು ಹೋಗಿ ಓನರ್ ಮುಂದೆ ನಿಂತು ಎಲ್ಲ ಹೇಳಿದೆ.

ಅವರು ಕಾಗದದಿಂದ ತಲೆ ಎತ್ತಲಿಲ್ಲ. "ಯಾರು ಸುರಿದ್ರೇನಮ್ಮ, ಗಾಡಿ ಜವಾಬ್ದಾರಿ ಅವಂದು. ಬೇರೆ ಡ್ರೈವರ್ ಬಂದಾಯ್ತು. ಹೋಗು, ಕೆಲ್ಸ ನೋಡು."

ನನ್ನ ಕೆಲಸ ಹೋಗಲಿಲ್ಲ. ಯಾವುದಕ್ಕೆ ಹೆದರಿ ಬಾಯಿ ಮುಚ್ಚಿದ್ದೆನೋ ಅದು ಆಗಲೇ ಇಲ್ಲ. ಮೊದಲ ದಿನವೇ ಹೇಳಿದ್ದರೆ ಅವರ ಕೆಲಸ ಉಳಿಯುತ್ತಿತ್ತೋ ಏನೋ. ಅದನ್ನು ಇಷ್ಟು ವರ್ಷ ಯೋಚಿಸಿದ್ದೇನೆ.

ಭಾನುವಾರ ಬಾಗಲಗುಂಟೆಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಹೊಸ್ತಿಲ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಗೊತ್ತು ಕಣಮ್ಮ" ಎಂದರು. "ನನ್ ಹೆಂಡ್ತಿ ಬಸುರಾದಾಗೆಲ್ಲ, ಪೆಟ್ರೋಲ್ ನಾತ ಅಂತ ನನ್ ಷರ್ಟು ಬೀದೀಲೇ ಬಿಚ್ಚುಸ್ತಿದ್ಲು. ನೀನು ಕ್ಯಾನ್ ಒಳಗೇ ಮೂಗ್ ಇಟ್ಟು ಉಸಿರೆಳದೆ. ಮುಖ ಕಿವುಚ್ಲಿಲ್ಲ. ಕಾರ್ ಕೆಳಗೆ ಮಲಗಿದ್ದಾಗ ಹೊಳೀತು ನಂಗೆ."

"ಮತ್ಯಾಕಣ್ಣ ನೀವು…"

"ನಾನಾದ್ರೂ ಒಂದ್ಸಲ ಮೂಸ್ಬೇಕಿತ್ತು. ಬುಡು. ಆ ತೊಟ್ಟಿ ಬುಟ್ಬುಡು ತಾಯಿ, ಡಾಕ್ಟ್ರಿಗೆ ತೋರ್ಸು."

ಅವರ ಹೆಂಡತಿ ಒಳಗಿಂದ ಟೀ ತಂದು ನನ್ನ ಮುಂದೆ ಕುಕ್ಕಿದರು. "ಕುಡಿಯಮ್ಮ. ಊರವ್ರ ತಪ್ಪೆಲ್ಲ ತಲೆ ಮೇಲೆ ಹೊತ್ಕೊಳ್ಳೋದು ಇವ್ರಿಗೆ ಚಟ. ಒಲೆ ಹಚ್ಚೋಳು ಮಾತ್ರ ನಾನು."

ಆ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಒಂದು ತಿಂಗಳು ಬಿಟ್ಟು ಮತ್ತೆ ಹೋದಾಗ ಮನೆಗೆ ಬೇರೆಯವರು ಬಂದಿದ್ದರು. ಚಂದಾಪುರದ ಕಡೆ ಲಾರಿ ಓಡಿಸಲು ಹೋದರು ಅಂದರು. ಆಮೇಲೆ ಅವರನ್ನು ನೋಡಲಿಲ್ಲ. ಬಸುರಿಗೆ ಏಳು ತಿಂಗಳಾದಾಗ ನಾನು ತೊಟ್ಟಿ ಬಿಟ್ಟೆ. ಡಾಕ್ಟರು ತಡವಾಯಿತು ಎಂದರು. ಮಗಳು ಹುಟ್ಟಿದ ದಿನ ಅವಳ ನೆತ್ತಿಗೆ ಮೂಗು ಇಟ್ಟೆ. ಖಾಲಿ.

ಇವತ್ತು ಅವಳ ಮಗುವಿನ ನೆತ್ತಿಗೆ ಬಗ್ಗಿದಾಗ ಅದೇ "ಹೂಂ" ನನ್ನ ನಾಲಿಗೆಯ ತುದಿಗೆ ಬಂದಿತ್ತು. ಡ್ರೈವರಣ್ಣನಿಗೆ ಹೇಳಿದ ಅದೇ ಹೂಂ. ನುಂಗಿಕೊಂಡೆ.

"ನಂಗೆ ವಾಸ್ನೆ ಗೊತ್ತಾಗಲ್ಲ ಮಗಾ. ನೀನು ಹುಟ್ಟೋಕ್ ಮುಂಚಿಂದ್ಲೂ."

ಎಲ್ಲವನ್ನೂ ಹೇಳಿದೆ. ಅವಳು ಮಗುವಿನ ಹೊದಿಕೆ ಸರಿಮಾಡಿದಳು.

"ಮತ್ತೆ ನಾನು ಸ್ಕೂಲಿಂದ ಬಂದಾಗೆಲ್ಲ ನನ್ ತಲೆ ಮೂಸ್ತಿದ್ಯಲ್ಲ?"

"ಮೂಸ್ತಿರ್ಲಿಲ್ಲ. ಕೆನ್ನೆಗೆ ಬೆಚ್ಚಗಾಗೋದು, ಅದಕ್ಕೆ."

ಅವಳು ಕಣ್ಣು ಒರೆಸಿಕೊಂಡು ಮಗುವಿನ ನೆತ್ತಿಗೆ ಮೂಗು ಇಟ್ಟಳು. "ಹೇಳ್ತೀನಿ ಕೇಳು. ಹಾಲು. ಸಾಂಬ್ರಾಣಿ. ಆಮೇಲೆ ಗೆಣಸು ಬೇಯಿಸ್ದಾಗ ಮುಚ್ಚಳ ತೆಗೀತೀವಲ್ಲ, ಹಂಗೆ ಏನೋ."

ಗೆಣಸಿನ ವಾಸನೆ ನನಗೆ ನೆನಪಿದೆ. ಇನ್ನೊಂದು ಸಲ ಹೇಳು ಎಂದೆ.