ಎಡಕ್ಕೆ ವಾಲಿದ ಸ್ಟೇರಿಂಗು

ನಮ್ಮ ಕಾರಿನ ಸ್ಟೇರಿಂಗು ಎಡಕ್ಕೆ ವಾಲಿಕೊಂಡದ್ದು ಗುಂಡ್ಲುಪೇಟೆಯ ಒಂದು ಗ್ಯಾರೇಜಿನಲ್ಲಿ. ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು ಬರುತ್ತಿತ್ತು ಎಂದು ಬೆಳಗ್ಗೆ ಕಚೇರಿಗೆ ಹೋಗುವಾಗ ಬಿಟ್ಟು ಹೋಗಿದ್ದೆ. ಸಂಜೆ ಬರುವಷ್ಟರಲ್ಲಿ ಸದ್ದು ನಿಂತಿತ್ತು. ಆದರೆ ಮನೆಗೆಂದು ಚಾಮರಾಜನಗರದ ರಸ್ತೆಗೆ ಬಿದ್ದ ಮೇಲೆ ನೋಡುತ್ತೇನೆ, ಕಾರು ನೆಟ್ಟಗೆ ಹೋಗುತ್ತಿದೆ, ಸ್ಟೇರಿಂಗು ಮಾತ್ರ ಕತ್ತು ಉಳುಕಿದವರ ಹಾಗೆ ಎಡಕ್ಕೆ ತಿರುಗಿ ಕೂತಿದೆ. ಅದನ್ನು ನೆಟ್ಟಗೆ ಹಿಡಿದರೆ ಕಾರು ಬಲಕ್ಕೆ ಹೊರಡುತ್ತದೆ. ಮಾರನೆಯ ದಿನ ಗ್ಯಾರೇಜಿನವರನ್ನು ಕೇಳಿದೆ. ಓಡಿಸ್ತಾ ಓಡಿಸ್ತಾ ತಾನೇ ಸರಿಹೋಗುತ್ತೆ ಮೇಡಂ ಎಂದರು. ಅದೇನು ಹೊಸ ಚಪ್ಪಲಿಯೇ?

ಚಕ್ರ ಹೊಂದಿಸುವ ಅಲೈನ್‌ಮೆಂಟ್ ಮಷಿನ್ ಇರುವ ಕಡೆ ತೋರಿಸುತ್ತೇನೆ ಎಂದದ್ದಕ್ಕೆ ನನ್ನ ಗಂಡ ಒಪ್ಪಲಿಲ್ಲ. ಅವರು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾರೆ, ಬೈಕಿನಲ್ಲಿ ಓಡಾಡುತ್ತಾರೆ. ಕಾರು ಓಡಿಸುವವಳು ನಾನು, ಅದರ ಬಗ್ಗೆ ಎಲ್ಲ ತಿಳಿದವರು ಅವರು. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿಟ್ಟುಕೊಂಡಿದ್ದರು.

"ಅದ್ರಲ್ಲೇನದ ಕಣಮ್ಮಿ? ಒಂದ್ ಕಡೆ ಉದ್ದ ಮಾಡುದು, ಇನ್ನೊಂದ್ ಕಡೆ ಅಷ್ಟೇ ಗಿಡ್ಡ ಮಾಡುದು. ಭಾನುವಾರ ಮನೇಲೇ ಮಾಡ್ಬುಡ್ತೀನಿ."

ಶನಿವಾರ ಊಟಕ್ಕೆ ಕೂತಾಗ ಎರಡು ಸೌಟು ಹಿಡಿದು ಪಾಠವೂ ಆಯಿತು. ಸ್ಟೇರಿಂಗಿನಿಂದ ಮುಂದಿನ ಒಂದೊಂದು ಚಕ್ರಕ್ಕೂ ಒಂದೊಂದು ಸರಳು ಹೋಗುತ್ತದೆ, ಎರಡನ್ನೂ ಸಮನಾಗಿ ತಿರುಗಿಸಿದರೆ ಚಕ್ರಗಳ ಹೊಂದಾಣಿಕೆ ಕೆಡದೆ ಸ್ಟೇರಿಂಗು ಮಾತ್ರ ನೆಟ್ಟಗಾಗುತ್ತದೆ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಾರು ಬಡಿಸಲು ನನಗೆ ಸೌಟು ಬೇಕಿತ್ತು, ಅಷ್ಟೆ.

ಆ ಭಾನುವಾರವೇ ನಮ್ಮ ಅತ್ತೆ ಅದೇ ಕಾರಿನಲ್ಲಿ ಹರದನಹಳ್ಳಿಯ ಮಗಳ ಮನೆಗೆ ಹೋಗುವುದಿತ್ತು. ಬೆಳಗ್ಗೆಯೇ ಒಳ್ಳೆಯ ಸೀರೆಯುಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತರು. ನನ್ನ ಗಂಡ ಜಾಕಿ ಕೊಟ್ಟು, ಯಾರಿಂದಲೋ ತಂದ ಸ್ಟ್ಯಾಂಡು ಸಿಕ್ಕಿಸಿ, ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನು ಸೀಟಿನಲ್ಲಿ. ಸ್ಟೇರಿಂಗು ಎತ್ತ ವಾಲಿದೆ ಎಂದು ಕೇಳಿದರು, ಎಡಕ್ಕೆ ಎಂದೆ. ಸರಳಿನ ನಟ್ಟು ಜಗ್ಗಲಿಲ್ಲ, ಎಣ್ಣೆ ಬಿಟ್ಟರು, ಸ್ಪ್ಯಾನರು ಜಾರಿ ಕೈ ತರಚಿಕೊಂಡರು, ಗ್ಯಾರೇಜಿನವರ ಮೇಲೆ ರೇಗಿದರು. ಕೊನೆಗೆ ಆಯಿತು ನೋಡು ಎಂದು ಕಾರು ಇಳಿಸಿದರು. ಬೀದಿಯ ಕೊನೆವರೆಗೆ ಓಡಿಸಿದೆ. ಮೊದಲು ಸ್ವಲ್ಪ ವಾಲಿದ್ದ ಸ್ಟೇರಿಂಗು ಈಗ ಪೂರಾ ಎಡಕ್ಕೆ ಮಲಗಿತ್ತು.

"ನೀನೇ ಎಡ ಅಂದೆ."

"ನನ್ನ ಎಡ ರೀ. ನೀವು ನನ್ನ ಎದುರಿಗೆ ಕೂತಿದ್ರಿ."

ಕಾರಿಗೆ ಇರುವುದು ಒಂದೇ ಎಡ ಎಂದರು. ಹಾಗಾದರೆ ಅದನ್ನೇ ಯಾಕೆ ಹಿಡಿಯಲಿಲ್ಲ ಎಂದೆ. ನಮ್ಮ ದನಿ ಕೇಳಿ ಎದುರುಮನೆಯ ಬಟ್ಟೆ ಅಂಗಡಿಯ ಸಾಹೇಬರು ಹೊರಗೆ ಬಂದರು. ಒಳ್ಳೆಯ ಮನುಷ್ಯ, ಯಾರ ಕಷ್ಟವನ್ನೂ ನೋಡಿಕೊಂಡು ಸುಮ್ಮನಿರುವವರಲ್ಲ. ಇಷ್ಟೆಲ್ಲ ಯಾಕೆ, ಸ್ಟೇರಿಂಗನ್ನೇ ಬಿಚ್ಚಿ ನೆಟ್ಟಗೆ ಕೂರಿಸಿಬಿಡಿ, ನಮ್ಮ ಹಳೇ ವ್ಯಾನಿಗೆ ಹಾಗೇ ಮಾಡಿದ್ದು ಎಂದರು. ನನ್ನ ಗಂಡನ ಮುಖ ಅರಳಿತು. ಸ್ಪ್ಯಾನರು ಕೆಳಗಿಟ್ಟು ಕಾರಿನೊಳಗೆ ಬರಲು ಎದ್ದರು.

ನಮ್ಮ ಕಾರಿನ ಸ್ಟೇರಿಂಗಿನ ನಡುವೆ ಏರ್‌ಬ್ಯಾಗ್ ಇದೆ, ಬಿಚ್ಚುವಾಗ ಕೈ ತಪ್ಪಿದರೆ ಮುಖಕ್ಕೇ ಸಿಡಿಯುವಂಥದು. ಅದನ್ನು ನೆನಪಿಸಿದೆ. ಬ್ಯಾಟರಿ ವೈರು ಕಿತ್ತರೆ ಆಯಿತು ಎಂದರು. ಕೀ ತೆಗೆದುಕೊಂಡು ಇಳಿದೆ.

"ಅದರ ಮುಂದೆ ದಿನಾ ಕೂರೋಳು ನಾನು. ಅದನ್ನ ನೀವು ಬಿಚ್ಚಂಗಿಲ್ಲ."

ಬೀದಿಯಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲಿರಬೇಕು. ಸಾಹೇಬರು ಗಡ್ಡ ನೀವಿಕೊಂಡು, ಮೇಡಂ ಹೇಳೋದು ಸರಿ, ನಮ್ಮ ವ್ಯಾನಿನಲ್ಲಿ ಬಲೂನು ಇರಲಿಲ್ಲ ಎಂದು ಒಳಗೆ ಹೋದರು. ಇವರು ಕಾರಿನ ಮುಂದೆ ನಿಂತೇ ಇದ್ದರು. ನಾನು ಅಡುಗೆಮನೆಗೆ ಹೋಗಿ ಮುದ್ದೆಗೆ ನೀರಿಟ್ಟೆ.

ಊಟಕ್ಕೆ ಕೂತಾಗ ಅತ್ತೆ ಮುದ್ದೆ ಮುರಿಯುತ್ತಾ, "ನಾ ಬಸ್ಸಲ್ಲಿ ಓಗಿದ್ರೆ ಇಷ್ಟೊತ್ಗೆ ಅಲ್ಲಿ ಉಂಡು ಮಲಗಿರ್ತಿದ್ದೆ," ಎಂದರು. ಅದಕ್ಕೆ ಇವರಿಗೆ ನಗು ಬಂತು. ನನಗೆ ಬರಲಿಲ್ಲ. ಆದರೆ ಬೆಳಗಾದರೆ ಕಚೇರಿಗೆ ಆ ಕಾರಿನಲ್ಲೇ ಹೋಗಬೇಕಾದವಳು ನಾನು. ಎಡ ಬಲ ಎನ್ನುವ ಮಾತೇ ಬೇಡ, ನಮ್ಮ ಗೋಡೆ ಕಡೆ, ಸಾಹೇಬರ ಮನೆ ಕಡೆ ಎಂದು ಹೇಳೋಣ ಎಂದೆ. ಅವರು ತಲೆಯಾಡಿಸಿದರು.

ಮಧ್ಯಾಹ್ನದ ಬಿಸಿಲಿನಲ್ಲಿ ಮತ್ತೆ ಶುರುವಾಯಿತು. ಮಾಡಿದ್ದನ್ನೆಲ್ಲ ಹಿಂದಕ್ಕೆ ತಿರುಗಿಸಿ, ಅಲ್ಲಿಂದ ಇನ್ನೊಂದಿಷ್ಟು. ಪ್ರತಿ ಸಲ ಕಾರು ಇಳಿಸುವುದು, ನಾನು ಬೀದಿ ಸುತ್ತಿ ಬರುವುದು, ಇನ್ನೂ ಸ್ವಲ್ಪ ಗೋಡೆ ಕಡೆಗಿದೆ ಎನ್ನುವುದು, ಅವರು ನಿಟ್ಟುಸಿರುಬಿಟ್ಟು ಮತ್ತೆ ಜಾಕಿ ಕೊಡುವುದು. ಬಿಸಿಲು ಇಳಿಯುವ ಹೊತ್ತಿಗೆ ಸ್ಟೇರಿಂಗು ನೆಟ್ಟಗೆ ಕೂತಿತು. ನಟ್ಟುಗಳೆಲ್ಲ ಬಿಗಿಯಾಗಿವೆಯೇ ಎಂದು ಒಂದೊಂದನ್ನೇ ಕೇಳಿದೆ. ಅವರು ಗೊಣಗುತ್ತಲೇ ಇನ್ನೊಮ್ಮೆ ಬಿಗಿದರು.

ಅತ್ತೆಯನ್ನು ಕೂರಿಸಿಕೊಂಡು ನಿಧಾನವಾಗಿ ಹರದನಹಳ್ಳಿಗೆ ಹೊರಟೆವು. ರಸ್ತೆ ನೇರವಾಗಿ ಸಿಕ್ಕ ಕಡೆ ಕೈ ಹಗುರ ಮಾಡಿ ನೋಡಿದೆ. ಕಾರು ಎತ್ತಲೂ ಎಳೆಯಲಿಲ್ಲ. ಭುಜದ ಬಿಗಿ ಸಡಿಲಾಯಿತು. ಒಂದು ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಸೀಟಿನಿಂದ ಇವರು ಬಗ್ಗಿ ನೋಡಿ, ಒಂದು ಕೂದಲಷ್ಟು ಬಲಕ್ಕಿದೆ, ವಾಪಸ್ ಹೋದ ಮೇಲೆ ತೆಗೆದುಬಿಡುತ್ತೇನೆ ಎಂದರು.

ಸೋಮವಾರ ಗುಂಡ್ಲುಪೇಟೆಯಲ್ಲಿ ಮಷಿನ್ ಇರುವ ಕಡೆ ತೋರಿಸಿದೆ. ಬಹುಮಟ್ಟಿಗೆ ಸರಿಯಿದೆ ಎಂದು ಒಂದು ಚೂರು ತಿದ್ದಿಕೊಟ್ಟರು. ಸಂಜೆ ಮನೆಗೆ ಬಂದು ಹಾಗೆಯೇ ಹೇಳಿದೆ. ಇವರು ಹಿಗ್ಗಿ ಹರದನಹಳ್ಳಿಯಲ್ಲೇ ಉಳಿದಿದ್ದ ಅಮ್ಮನಿಗೆ ಫೋನು ಮಾಡಿದರು, ಎದುರುಮನೆಗೆ ಹೋಗಿ ಸಾಹೇಬರಿಗೂ ಹೇಳಿ ಬಂದರು. ಆಮೇಲೆ ಕಾಫಿ ಕುಡಿಯುತ್ತಾ ಕೂತವರು, ಆ ಚೂರು ತಿದ್ದಿದ್ದು ಯಾವ ಕಡೆ ಎಂದು ಕೇಳಿದರು. ನಾನು ನೋಡಲಿಲ್ಲ ಎಂದೆ. ಲೋಟ ಕೆಳಗಿಟ್ಟು ಟಾರ್ಚು ಹುಡುಕತೊಡಗಿದರು.