ದೊಡ್ಡಕ್ಕನಿಗೆ ರಜೆ ಕೊಡದ ಯಂತ್ರ

ಆಸ್ಪತ್ರೆಯ ಹೆಡ್ ನರ್ಸನ್ನು ಎಲ್ಲರೂ ದೊಡ್ಡಕ್ಕ ಅಂತಲೇ ಕರೆಯುವುದು. ಸೂಪರಿಂಟೆಂಡೆಂಟ್ ಸಾಹೇಬರೂ ಅಷ್ಟೇ, ಅದೂ ಪಾಪ, ಹೆದರಿಕೊಂಡೇ. ಯಾರು ಯಾವ ವಾರ್ಡಿಗೆ, ಯಾರಿಗೆ ರಾತ್ರಿ ಪಾಳಿ ಎಂಬ ಡ್ಯೂಟಿ ಚಾರ್ಟು ಬರೆಯುವವಳು ಅವಳೇ. ಈಗ ಮಗಳಿಗೆ ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. "ಅಮ್ಮಾ, ನೀನು ಪಕ್ಕದಲ್ಲಿ ಇರಲೇಬೇಕು" ಎಂದು ಫೋನಿನಲ್ಲಿ ಅತ್ತಿದ್ದಳು. ರಜೆ ಕೇಳಿದರೆ ಸಾಹೇಬರು, "ಹೋಗಿಬನ್ನಿ ದೊಡ್ಡಕ್ಕ, ಆದರೆ ಚಾರ್ಟು ಬರೆಯೋರು ಯಾರು?" ಅಂದರು. ಆ ಜೇನುಗೂಡಿಗೆ ಕೈ ಹಾಕಲು ಬೇರೆ ಯಾರೂ ತಯಾರಿರಲಿಲ್ಲ.

ಹಟ ಅಂದರೆ ಹಟ! ಚಾರ್ಟನ್ನು ಯಂತ್ರದ ಕೈಲೇ ಬರೆಸುತ್ತೇನೆ ಎಂದು ದೊಡ್ಡಕ್ಕ ಸಂಜೆ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು.

"ಪ್ರೋಗ್ರಾಮಿನಲ್ಲಿ ಟೈಪ್ ಅಂದರೆ ಔಷಧಿ ಬಾಟಲಿಗೆ ಅಂಟಿಸೋ ಚೀಟಿ ಇದ್ದಹಾಗೆ ಅಮ್ಮ" ಎಂದರು ಮೇಷ್ಟ್ರು. "ಒಳಗೆ ಏನಿರಬೇಕು, ಏನಿರಬಾರದು ಅಂತ ಹೇಳುತ್ತೆ. ಅದನ್ನ ಬಿಗಿಯಾಗಿ ಬರೆದುಬಿಟ್ಟರೆ, ಅದಕ್ಕೆ ಹೊಂದೋ ಪ್ರೋಗ್ರಾಮನ್ನ ಯಂತ್ರವೇ ಬರೆದುಕೊಳ್ಳುತ್ತೆ."

"ಬಿಗಿಯಾಗಿ ಹೇಳೋದು ತಾನೇ? ಅದು ನನ್ನ ಹುಟ್ಟುಗುಣ ಬಿಡಿ."

ಒಬ್ಬರಿಗೆ ದಿನಕ್ಕೆ ಎರಡು ಪಾಳಿ ಬೇಡ, ರಜೆಯಲ್ಲಿರುವವರನ್ನು ಕರೆಯಬಾರದು ಎಂದು ಬರೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಚಾರ್ಟು ಬಂತು. ಬರೀ ಖಾಲಿ! ಯಾರಿಗೂ ಡ್ಯೂಟಿಯೇ ಇಲ್ಲ.

"ನೀವು ಹೇಳಿದ್ದನ್ನೆಲ್ಲ ಪಾಲಿಸಿದೆಯಲ್ಲ" ಎಂದರು ಮೇಷ್ಟ್ರು.

"ಇಂಥ ಮೈಗಳ್ಳನನ್ನ ನನ್ನ ಸರ್ವೀಸಿನಲ್ಲೇ ಕಂಡಿಲ್ಲ!"

ಸರಿ, ಪ್ರತಿ ವಾರ್ಡಿಗೂ ಸಿಬ್ಬಂದಿ ಇರಲೇಬೇಕು ಎಂದು ಸೇರಿಸಿದಳು. ಈ ಸಲ ಆಪರೇಷನ್ ಥಿಯೇಟರಿಗೆ ತೋಟದ ಮಾಲಿ, ಕೂಸುಗಳ ವಾರ್ಡಿಗೆ ಆಂಬುಲೆನ್ಸ್ ಡ್ರೈವರ್. "ಅಯ್ಯೋ ನಿನ್ನ ಮನೆ ಕಾಯ್ವಾಗ!" ಎಂದು ತಲೆ ಚಚ್ಚಿಕೊಂಡಳು. ನರ್ಸ್ ಅನ್ನದೆ ಸಿಬ್ಬಂದಿ ಅಂದಿದ್ದು ಅವಳೇ ತಾನೇ.

ಆಮೇಲೆ ಒಂದೊಂದು ವಾರ್ಡಿಗೂ ಒಂದೊಂದು ಟೈಪ್ ಬರೆದಳು. ಹೆರಿಗೆ ವಾರ್ಡಿನ ರಾತ್ರಿಗಂತೂ, ಹೆಸರಿನ ಮುಂದೆ ದೊಡ್ಡಕ್ಕ ಸೈ ಒತ್ತಿದವರು ಮಾತ್ರ. ಕೊನೆಗೆ ತನ್ನ ರಜೆಯನ್ನೂ ಬರೆದಳು. ಯಂತ್ರ ಕೈಚೆಲ್ಲಿತು: ಇಂಥ ಚಾರ್ಟು ಸಾಧ್ಯವಿಲ್ಲ.

"ಏನಂತೆ ಇದರ ರೋಗ?"

ಮೇಷ್ಟ್ರು ಕುತ್ತಿಗೆ ಕೆರೆದುಕೊಂಡರು. "ನೀವು ಸೈ ಅಂದಿರೋದು ಇಡೀ ಆಸ್ಪತ್ರೆಯಲ್ಲಿ ಒಬ್ಬರಿಗೇ ಅಮ್ಮ. ನಿಮಗೆ."

ದೊಡ್ಡಕ್ಕ ಪರದೆಯ ಮೇಲಿನ ಹೆಸರುಗಳನ್ನು ಮೇಲಿಂದ ಕೆಳಗೆ ನೋಡಿದಳು. ವರ್ಷಗಳಿಂದ ಆ ಪಾಳಿ ತನ್ನದೇ. ಮೊನ್ನೆ ಇವಳು ಜ್ವರದಿಂದ ಮಲಗಿದ್ದಾಗ, ಕಾಲು ಮುಂದಾಗಿ ಬಂದ ಕೂಸನ್ನು ಸುಸೂತ್ರವಾಗಿ ಕೈಗೆತ್ತಿಕೊಂಡವಳು, 'ಗಡಿಬಿಡಿ' ಎಂದು ಇವಳೇ ಅಡ್ಡಹೆಸರಿಟ್ಟು ದಿನಾ ಬೈಯುವ ಕಿರಿಯ ನರ್ಸು. ಅವತ್ತೂ ದೊಡ್ಡಕ್ಕ ಅವಳನ್ನು ಬೈದಿದ್ದಳು, ಟವೆಲ್ ಮಡಚಿಲ್ಲ ಅಂತ. ನೆನೆದರೆ ನಾಚಿಕೆಯಾಯಿತು.

ಗಡಿಬಿಡಿಯ ಹೆಸರಿಗೆ ಸೈ ಒತ್ತಿದಳು. ಹಲ್ಲು ಕಚ್ಚಿಕೊಂಡು ಅವಳ ಗೆಳತಿ, ಇನ್ನೊಬ್ಬ ಕಿರಿಯ ನರ್ಸಿನ ಹೆಸರಿಗೂ ಒತ್ತಿದಳು.

ಚಾರ್ಟು ಬಂತು, ಒಂದು ಕೊಂಕಿಲ್ಲ. ಎಲ್ಲೂ ತನ್ನ ಹೆಸರೂ ಇಲ್ಲ. ದೊಡ್ಡಕ್ಕನ ಕಣ್ಣು ತುಂಬಿತು.

"ತಪ್ಪಿದೆಯಾ ಅಮ್ಮ?"

"ಸರಿಯಾಗಿದೆ ಕಣಪ್ಪ. ಅದೇ ಸಂಕಟ."

ಮೂಗು ಒರೆಸಿಕೊಂಡು ಗಡಿಬಿಡಿಗೆ ಫೋನ್ ಹಚ್ಚಿದಳು. "ನೋಡೇ, ನಾನು ಮಗಳ ಹತ್ತಿರ ಹೊರಟೆ. ಹೆರಿಗೆ ವಾರ್ಡು ಇನ್ನು ನಿನ್ನದು. ನೀನು ಒಳ್ಳೆ ಕೆಲಸಗಾತಿ ಕಣೇ."

ಆ ಕಡೆಯಿಂದ ಗಾಬರಿಯ ದನಿ: "ದೊಡ್ಡಕ್ಕಾ, ಎಲ್ಲಿದ್ದೀರಿ? ಅಲ್ಲೇ ಕೂತಿರಿ, ಆಂಬುಲೆನ್ಸ್ ಕಳಿಸ್ತೀನಿ!"